ಆಲ್ಬುಮಿನ್ ಇಳಿದಿದೆ, ಎರಡು ಬಾಟಲಿ ಪ್ಲಾಸ್ಮಾ ಹಾಕಿಸಿದರೆ ಸಾಕೆ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ತೂಕ 60 ಕೆ.ಜಿ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೂರು ವಾರದಿಂದ ಎರಡೂ ಕಾಲು ಊದಿಕೊಂಡಿವೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಕಾಣುತ್ತದೆ. ರಕ್ತ ಪರೀಕ್ಷೆಯಲ್ಲಿ ಟೋಟಲ್ ಪ್ರೋಟೀನ್ 5.3, ಆಲ್ಬುಮಿನ್ 2.1, ಕ್ಯಾಲ್ಸಿಯಂ 7.4, ಕೊಲೆಸ್ಟ್ರಾಲ್ 318 ಬಂದಿದೆ. ಲಿವರ್ ಎನ್‌ಜೈಮ್‌ಗಳು ಮತ್ತು ಕ್ರಿಯಾಟಿನಿನ್ ಸರಿಯಾಗಿವೆ. ನೆಂಟರೊಬ್ಬರು “ರಕ್ತದಲ್ಲಿ ಪ್ರೋಟೀನ್ ಇಳಿದುಹೋಗಿದೆ, ಎರಡು ಬಾಟಲಿ ಪ್ಲಾಸ್ಮಾ ಹಾಕಿಸಿ, ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡಿ” ಎನ್ನುತ್ತಿದ್ದಾರೆ. ಪ್ಲಾಸ್ಮಾ ಎಂದರೆ ನಿಜಕ್ಕೂ ಏನು? ವರದಿಯಲ್ಲಿ ‘ಸೀರಂ ಆಲ್ಬುಮಿನ್’ ಎಂದಿದೆ, ಸೀರಂ ಬೇರೆ, ಪ್ಲಾಸ್ಮಾ ಬೇರೆಯೇ? ಏನು ಮಾಡಲಿ?

ಉತ್ತರ: ಪ್ಲಾಸ್ಮಾ ಹಾಕಿಸಬೇಡಿ. ನಿಮ್ಮ ತಾಯಿಗೆ ಈಗ ಬೇಕಿರುವುದು ಮೂತ್ರ ಪರೀಕ್ಷೆ. ನೀವು ಬರೆದ ಪಟ್ಟಿಯಲ್ಲಿ ಅದೊಂದೇ ಇಲ್ಲ. ಪ್ಲಾಸ್ಮಾ ಯಾಕೆ ಬೇಡ, ಮೂತ್ರ ಪರೀಕ್ಷೆ ಯಾಕೆ ಬೇಕು ಎಂಬುದು ಪ್ಲಾಸ್ಮಾದೊಳಗೆ ಏನಿದೆ, ಎಷ್ಟಿದೆ, ಎಲ್ಲಿಂದ ಸೋರಿಹೋಗುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಅಲ್ಲಿಂದಲೇ ಶುರುಮಾಡೋಣ.

ಹೆಪ್ಪುಗಟ್ಟದಂತೆ ರಾಸಾಯನಿಕ ಬೆರೆಸಿದ ರಕ್ತವನ್ನು ಲ್ಯಾಬಿನ ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿ ಹೊರತೆಗೆದರೆ ನಳಿಕೆಯಲ್ಲಿ ಮೂರು ಪದರ ಕಾಣುತ್ತವೆ. ತಳದಲ್ಲಿ ಕಡುಗೆಂಪು ಕಣಗಳು. ಅದರ ಮೇಲೆ ಹಾಲಿನ ಕೆನೆಯಷ್ಟು ತೆಳುವಾದ ಬಿಳಿ ಗೆರೆ, ಅದು ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್‌ಗಳದ್ದು. ಎಲ್ಲಕ್ಕೂ ಮೇಲೆ ಒಣಹುಲ್ಲಿನ ಬಣ್ಣದ ತಿಳಿ. ಆ ತಿಳಿಯೇ ಪ್ಲಾಸ್ಮಾ, ಕನ್ನಡದಲ್ಲಿ ರಕ್ತರಸ. ಒಟ್ಟು ರಕ್ತದಲ್ಲಿ ಅದರ ಪಾಲು ಸುಮಾರು ಶೇ. 55. ಒಂದು ಕೆ.ಜಿ. ತೂಕಕ್ಕೆ 40 ಮಿ.ಲೀ. ಲೆಕ್ಕ ಹಿಡಿದರೆ ನಿಮ್ಮ ತಾಯಿಯ ಮೈಯಲ್ಲಿ ಹೆಚ್ಚುಕಮ್ಮಿ 2.4 ಲೀಟರ್ ಪ್ಲಾಸ್ಮಾ ಇರಬೇಕು. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ತಿಳಿಯ ಬಣ್ಣವೇ ಎಷ್ಟೋ ವಿಷಯ ಹೇಳಿಬಿಡುತ್ತದೆ. ಮಾಮೂಲಿ ಹಳದಿ ಛಾಯೆ ಬಿಲಿರುಬಿನ್‌ನಿಂದ ಬಂದದ್ದು. ಕಾಮಾಲೆಯಾದವರ ಪ್ಲಾಸ್ಮಾ ಅರಿಶಿನ ಕದಡಿದಂತೆ ಗಾಢವಾಗಿರುತ್ತದೆ. ಎಣ್ಣೆ ತುಪ್ಪದ ಊಟ ಮಾಡಿ ಎರಡು ಮೂರು ಗಂಟೆಯೊಳಗೆ ರಕ್ತ ಕೊಟ್ಟವರದ್ದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿರಬಹುದು. ಗುಲಾಬಿ ಬಣ್ಣ ಬಂದಿದ್ದರೆ ಕೆಂಪು ಕಣಗಳು ಒಡೆದಿವೆ ಎಂದರ್ಥ. ಹೆಚ್ಚಿನ ಸಲ ಅವು ಒಡೆಯುವುದು ಮೈಯೊಳಗಲ್ಲ, ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ.

ಈಗ ಸೀರಂ. ಹಾಲಿಗೂ, ಹಾಲು ಒಡೆದಾಗ ಉಳಿಯುವ ತಿಳಿನೀರಿಗೂ ಇರುವ ಸಂಬಂಧವೇ ಪ್ಲಾಸ್ಮಾಕ್ಕೂ ಸೀರಂಗೂ ಇರುವುದು. ಸೀರಂ ಎಂಬ ಲ್ಯಾಟಿನ್ ಪದಕ್ಕೆ ಹಾಲೊಡಕಿನ ನೀರು ಎಂದೇ ಅರ್ಥ. ರಕ್ತವನ್ನು ಹಾಗೆಯೇ ಹೆಪ್ಪುಗಟ್ಟಲು ಬಿಟ್ಟು ಆಮೇಲೆ ತಿಳಿಯನ್ನು ಬೇರ್ಪಡಿಸಿದರೆ ಸಿಗುವುದು ಸೀರಂ. ಪ್ಲಾಸ್ಮಾದಲ್ಲಿದ್ದ ಫೈಬ್ರಿನೋಜೆನ್ ಮತ್ತು ಹೆಪ್ಪುಗಟ್ಟಿಸುವ ಇನ್ನು ಕೆಲವು ಪ್ರೋಟೀನುಗಳು ಆ ಗರಣೆಯಲ್ಲಿ ಖರ್ಚಾಗಿರುತ್ತವೆ. ಉಳಿದದ್ದೆಲ್ಲ ಬಹುಪಾಲು ಒಂದೇ. ಆದ್ದರಿಂದ ಆಲ್ಬುಮಿನ್, ಕ್ಯಾಲ್ಸಿಯಂ, ಕೊಲೆಸ್ಟ್ರಾಲ್ ನೋಡಲು ಸೀರಂ ಸಾಕು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ನೋಡುವ ಪಿಟಿ, ಎಪಿಟಿಟಿಯಂಥ ಪರೀಕ್ಷೆಗೆ ಮಾತ್ರ ಪ್ಲಾಸ್ಮಾವೇ ಬೇಕು.

ಪ್ಲಾಸ್ಮಾದೊಳಗೆ ಏನೇನಿದೆ

ನೂರು ಪಾಲಿನಲ್ಲಿ 90ರಿಂದ 92 ಪಾಲು ನೀರು. ಸುಮಾರು 7 ಪಾಲು ಪ್ರೋಟೀನ್. ಮಿಕ್ಕ ಒಂದೆರಡು ಪಾಲಿನೊಳಗೆ ಲವಣ, ಗ್ಲೂಕೋಸ್, ಕೊಬ್ಬು, ಹಾರ್ಮೋನು, ಜೀವಸತ್ವ, ಯೂರಿಯಾ, ಕ್ರಿಯಾಟಿನಿನ್ ಎಲ್ಲವೂ ಅಡಕ. ಪಾಲು ಸಣ್ಣದಾದರೂ ಕಟ್ಟುನಿಟ್ಟು ದೊಡ್ಡದು. ಒಂದು ಲೀಟರಿಗೆ ಸೋಡಿಯಂ 135ರಿಂದ 145 ಮಿಲಿಮೋಲ್, ಪೊಟ್ಯಾಸಿಯಂ 3.5ರಿಂದ 5 ಮಿಲಿಮೋಲ್ ಇರಬೇಕು. ಪೊಟ್ಯಾಸಿಯಂ 6.5 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಆಮ್ಲ ಕ್ಷಾರದ ಅಳತೆಯಾದ ಪಿಎಚ್ 7.35ರಿಂದ 7.45ರೊಳಗೆ ನಿಲ್ಲಬೇಕು. ಅದನ್ನು ಹಿಡಿದು ನಿಲ್ಲಿಸುವುದರಲ್ಲಿ ಪ್ಲಾಸ್ಮಾದ ಬೈಕಾರ್ಬೊನೇಟ್‌ಗೆ ಮುಖ್ಯ ಪಾತ್ರ. ಆಮ್ಲಜನಕವನ್ನು ಹೊರುವುದು ಕೆಂಪು ಕಣದ ಹಿಮೋಗ್ಲೋಬಿನ್. ಪ್ಲಾಸ್ಮಾದಲ್ಲಿ ಕರಗುವುದು 100 ಮಿ.ಲೀ.ಗೆ ಬರೀ 0.3 ಮಿ.ಲೀ. ಇಂಗಾಲದ ಡೈಆಕ್ಸೈಡ್‌ನ ಕಥೆ ತಿರುಗಮುರುಗ. ಅದರ ಹೆಚ್ಚಿನ ಪಾಲು ಬೈಕಾರ್ಬೊನೇಟ್ ರೂಪದಲ್ಲಿ ಪ್ಲಾಸ್ಮಾದಲ್ಲೇ ಶ್ವಾಸಕೋಶಕ್ಕೆ ಹೋಗುತ್ತದೆ.

ಪ್ರೋಟೀನುಗಳಲ್ಲಿ ಮೂರು ಗುಂಪು ಗೊತ್ತಿದ್ದರೆ ಸಾಕು: ಆಲ್ಬುಮಿನ್, ಗ್ಲಾಬ್ಯುಲಿನ್, ಫೈಬ್ರಿನೋಜೆನ್. ಗ್ಲಾಬ್ಯುಲಿನ್ ಎಂಬುದು ದೊಡ್ಡ ಕುಟುಂಬ. ಸೋಂಕಿನ ವಿರುದ್ಧ ಕೆಲಸ ಮಾಡುವ ಪ್ರತಿಕಾಯಗಳು, ಕಬ್ಬಿಣವನ್ನು ಹೊರುವ ಟ್ರಾನ್ಸ್‌ಫೆರಿನ್, ಒಡೆದ ಕೆಂಪು ಕಣದಿಂದ ಹೊರಬಿದ್ದ ಹಿಮೋಗ್ಲೋಬಿನ್ ಅನ್ನು ಹಿಡಿಯುವ ಹ್ಯಾಪ್ಟೋಗ್ಲೋಬಿನ್ ಎಲ್ಲವೂ ಅದರೊಳಗೇ ಬರುತ್ತವೆ. ಪ್ರತಿಕಾಯಗಳನ್ನು ಬಿಟ್ಟರೆ ಪ್ಲಾಸ್ಮಾದ ಬಹುತೇಕ ಪ್ರೋಟೀನುಗಳು ತಯಾರಾಗುವುದು ಲಿವರ್‌ನಲ್ಲಿ.

ಇಎಸ್‌ಆರ್ ಪರೀಕ್ಷೆ ಎಲ್ಲರಿಗೂ ಗೊತ್ತು. ಅದರಲ್ಲಿ ಕೆಳಗಿಳಿಯುವುದು ಕೆಂಪು ಕಣವಾದರೂ ಎಷ್ಟು ಬೇಗ ಇಳಿಯಬೇಕು ಎಂದು ತೀರ್ಮಾನಿಸುವುದು ಪ್ಲಾಸ್ಮಾ. ಉರಿಯೂತವಿದ್ದಾಗ ಫೈಬ್ರಿನೋಜೆನ್ ಮತ್ತು ಗ್ಲಾಬ್ಯುಲಿನ್ ಹೆಚ್ಚುತ್ತವೆ. ಆಗ ಕಣಗಳು ನಾಣ್ಯ ಪೇರಿಸಿಟ್ಟಂತೆ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ಬೇಗ ಇಳಿಯುತ್ತವೆ.

ಫೈಬ್ರಿನೋಜೆನ್ ಇರಬೇಕಾದದ್ದು 100 ಮಿ.ಲೀ.ಗೆ 200ರಿಂದ 400 ಮಿ.ಗ್ರಾಂ. ಅದು ಮುಗಿದುಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಗದ್ದೆ ತೋಟಗಳಲ್ಲೇ ಉದಾಹರಣೆ ಇದೆ. ಕೊಳಕುಮಂಡಲ ಹಾವಿನ ವಿಷ ಹೆಪ್ಪುಗಟ್ಟಿಸುವ ಸರಪಳಿಯನ್ನು ನಡುವಿನಿಂದಲೇ ಚಾಲೂ ಮಾಡಿಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಫೈಬ್ರಿನೋಜೆನ್ ಪೂರ್ತಿ ಖರ್ಚಾಗಿ ಒಸಡು, ಮೂತ್ರ, ಗಾಯ ಎಲ್ಲ ಕಡೆಯಿಂದ ರಕ್ತ ಜಿನುಗಲು ಶುರುವಾಗುತ್ತದೆ. ಇದನ್ನು ತಾಲೂಕು ಆಸ್ಪತ್ರೆಯಲ್ಲೂ ಪತ್ತೆ ಹಚ್ಚಬಹುದು. 2 ಮಿ.ಲೀ. ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಹಾವಿನ ವಿಷದ ಪ್ರತಿವಿಷ ಕೂಡಲೇ ಬೇಕು. ನಳಿಕೆ ಗಾಜಿನದ್ದೇ ಆಗಿರಬೇಕು, ಏಕೆಂದರೆ ಸರಪಳಿಯನ್ನು ಎಬ್ಬಿಸುವುದು ಗಾಜಿನ ಮೈ. ಪ್ಲಾಸ್ಟಿಕ್ ನಳಿಕೆಯಲ್ಲೋ, ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯಲ್ಲೋ ಮಾಡಿದರೆ ಸರಿಯಾಗಿರುವ ರಕ್ತವೂ ಹೆಪ್ಪುಗಟ್ಟದೆ ಕೂರಬಹುದು. ಇಲ್ಲಿಯೂ ಮೊದಲ ಮದ್ದು ಪ್ಲಾಸ್ಮಾ ಅಲ್ಲ. ವಿಷ ಮೈಯಲ್ಲಿರುವಾಗ ಪ್ಲಾಸ್ಮಾ ಕೊಟ್ಟರೆ ಹೊಸ ಫೈಬ್ರಿನೋಜೆನ್ ಅನ್ನೂ ಅದು ಕರಗಿಸುತ್ತದೆ.

ಆಲ್ಬುಮಿನ್ ಮಾಡುವ ಕೆಲಸ

ನಿಮ್ಮ ಪ್ರಶ್ನೆಯ ತಿರುಳು ಇದು. ಆಲ್ಬುಮಿನ್ ಇರಬೇಕಾದದ್ದು 100 ಮಿ.ಲೀ.ಗೆ 3.5ರಿಂದ 5 ಗ್ರಾಂ. ಲಿವರ್ ದಿನಕ್ಕೆ 10ರಿಂದ 15 ಗ್ರಾಂ ತಯಾರಿಸುತ್ತದೆ. ತಯಾರಾದ ಆಲ್ಬುಮಿನ್‌ನಲ್ಲಿ ಅರ್ಧ ಕಳೆದುಹೋಗಲು ಸುಮಾರು 20 ದಿನ ಬೇಕು. ಹಾಗಾಗಿ ನಾಲ್ಕು ದಿನ ಊಟ ಸೇರದಿದ್ದ ಮಾತ್ರಕ್ಕೆ ಅದು 2.1ಕ್ಕೆ ಇಳಿಯುವುದಿಲ್ಲ.

ಅದರ ಮೊದಲ ಕೆಲಸ ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು. ಕೂದಲಿಗಿಂತ ಸಣ್ಣದಾದ ಲೋಮನಾಳಗಳಲ್ಲಿ ರಕ್ತದ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಪ್ರೋಟೀನುಗಳು ಅದನ್ನು ಒಳಕ್ಕೆ ಎಳೆಯುತ್ತಿರುತ್ತವೆ. ಈ ಎಳೆತದ ಬಲ ಸುಮಾರು 25 ಮಿ.ಮೀ. ಪಾದರಸ, ಅದರಲ್ಲಿ ಮುಕ್ಕಾಲು ಪಾಲು ಆಲ್ಬುಮಿನ್‌ನದ್ದೇ. ನಿಮ್ಮ ತಾಯಿಯ ಅಂಕಿಗಳನ್ನು ಹಾಕಿ ನೋಡಿದರೆ ಅದು 17ರ ಆಸುಪಾಸಿಗೆ ಇಳಿದಿರುತ್ತದೆ. ಹೊರಬಂದ ನೀರು ಪೂರ್ತಿ ಒಳಗೆ ಮರಳುವುದಿಲ್ಲ. ಹಗಲು ಓಡಾಡುವಾಗ ಅದು ಪಾದ, ಕಣಕಾಲುಗಳಲ್ಲಿ ತುಂಬುತ್ತದೆ, ರಾತ್ರಿ ಮಲಗಿದಾಗ ಕಣ್ಣಿನ ಸುತ್ತಲಿನ ಸಡಿಲ ಚರ್ಮಕ್ಕೆ ಬರುತ್ತದೆ. ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಕೈ ತೆಗೆದು ನೋಡಿ. ನಾದಿದ ಹಿಟ್ಟಿನಲ್ಲಿ ಬೆರಳೊತ್ತಿದ ಹಾಗೆ ಗುಳಿ ಉಳಿದರೆ ಅದು ಈ ಬಗೆಯ ನೀರೇ. ಆದರೆ ಊತಕ್ಕೆ ಆಲ್ಬುಮಿನ್ ಒಂದೇ ಕಾರಣವಲ್ಲ. ಇಂಥ ಕಾಯಿಲೆಗಳಲ್ಲಿ ಮೂತ್ರಪಿಂಡ ಉಪ್ಪನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಕಡಿಮೆ ಮಾಡಿದರೆ, ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರೆ ಊತ ಇಳಿಯುವುದು ಅದಕ್ಕೇ.

ಎರಡನೆಯ ಕೆಲಸ ಹೊರೆ ಹೊರುವುದು. ಬಿಲಿರುಬಿನ್, ಕೊಬ್ಬಿನಾಮ್ಲ, ಹಲವು ಔಷಧಿಗಳು, ಕ್ಯಾಲ್ಸಿಯಂ ಇವೆಲ್ಲ ಆಲ್ಬುಮಿನ್‌ಗೆ ಅಂಟಿಕೊಂಡು ಓಡಾಡುತ್ತವೆ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40 ಹೀಗೆ ಅಂಟಿಕೊಂಡದ್ದು. ಆಲ್ಬುಮಿನ್ ಇಳಿದರೆ ಒಟ್ಟು ಕ್ಯಾಲ್ಸಿಯಂನ ಅಂಕಿಯೂ ಇಳಿಯುತ್ತದೆ, ಆದರೆ ನರ ಸ್ನಾಯುಗಳಿಗೆ ಬೇಕಾದ ಬಿಡಿ ಕ್ಯಾಲ್ಸಿಯಂ ಹಾಗೇ ಇರಬಹುದು. ಇದಕ್ಕೊಂದು ಸರಳ ಲೆಕ್ಕವಿದೆ: 4ರಿಂದ ಆಲ್ಬುಮಿನ್ ಕಳೆದು 0.8ರಿಂದ ಗುಣಿಸಿ, ಬಂದದ್ದನ್ನು ಕ್ಯಾಲ್ಸಿಯಂಗೆ ಕೂಡಿಸಬೇಕು. 4ರಿಂದ 2.1 ಕಳೆದರೆ 1.9, ಅದರ 0.8 ಪಟ್ಟು 1.52. 7.4ಕ್ಕೆ ಕೂಡಿಸಿದರೆ 8.9. ಇದು ಸಹಜ ಮಿತಿಯೊಳಗೇ ಇದೆ. ಈ ಲೆಕ್ಕ ಅಂದಾಜಿನದ್ದು, ಖಚಿತವಾಗಬೇಕಾದರೆ ಬಿಡಿ ಕ್ಯಾಲ್ಸಿಯಂ ಅನ್ನೇ ಅಳೆಯುವ ಅಯಾನೈಸ್ಡ್ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬಹುದು. ಬೆರಳು ಸೆಟೆಯುವುದು, ಬಾಯಿಯ ಸುತ್ತ ಜುಮುಗುಟ್ಟುವುದು ಇಲ್ಲದಿದ್ದರೆ ಈ ಒಂದು ಅಂಕಿಯನ್ನು ನೋಡಿ ಕ್ಯಾಲ್ಸಿಯಂ ಮಾತ್ರೆ ಶುರುಮಾಡಬೇಡಿ.

ಆಲ್ಬುಮಿನ್ ಇಳಿಯುವ ದಾರಿಗಳು ನಾಲ್ಕೈದೇ. ಲಿವರ್ ತಯಾರಿಸದಿರುವುದು, ಮೂತ್ರದಲ್ಲಿ ಸೋರುವುದು, ಕರುಳಿನಲ್ಲಿ ಸೋರುವುದು, ದೊಡ್ಡ ಸೋಂಕಿನಲ್ಲಿ ಲಿವರ್ ಬೇರೆ ಪ್ರೋಟೀನುಗಳ ಕಡೆ ತಿರುಗಿಬಿಡುವುದು, ತೀವ್ರ ಅಪೌಷ್ಟಿಕತೆ. ಡೆಂಗಿಯಲ್ಲಿ ನಾಳದ ಗೋಡೆಯೇ ಸಡಿಲವಾಗಿ ಪ್ಲಾಸ್ಮಾ ಹೊರಗೆ ಜಿನುಗುತ್ತದೆ. ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆ ಅಪಾಯದ್ದು ಎನ್ನುವುದು ಅದಕ್ಕೆ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಾರೆ, ನಿಜಕ್ಕೂ ಕೇಳಬೇಕಾದದ್ದು ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಎಷ್ಟು ಏರಿದೆ ಎಂದು.

ನಿಮ್ಮ ತಾಯಿಯ ವರದಿ ತೋರುವ ದಿಕ್ಕು ಎರಡನೆಯದು, ಮೂತ್ರದಲ್ಲಿ ಸೋರುವುದು. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಬೆಳಗಿನ ಮುಖದ ಬಾವು, ಸರಿಯಿರುವ ಲಿವರ್ ಎನ್‌ಜೈಮ್, ಜೊತೆಗೆ 318 ಕೊಲೆಸ್ಟ್ರಾಲ್. ಆಲ್ಬುಮಿನ್ ಸೋರಿಹೋಗುತ್ತಿರುವಾಗ ಲಿವರ್ ಕೊಬ್ಬು ಹೊರುವ ಪ್ರೋಟೀನುಗಳನ್ನೂ ಹೆಚ್ಚು ಹೆಚ್ಚು ತಯಾರಿಸುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ. ಕ್ರಿಯಾಟಿನಿನ್ ಸರಿಯಿದೆ ಎಂದು ಸಮಾಧಾನಪಡಬೇಡಿ. ಅದು ಹೇಳುವುದು ಮೂತ್ರಪಿಂಡ ಎಷ್ಟು ಸೋಸುತ್ತದೆ ಎಂಬುದನ್ನು ಮಾತ್ರ. ಸೋಸುವ ಪ್ರಮಾಣ ಸರಿಯಿದ್ದೂ ಮೂತ್ರಪಿಂಡದ ಜರಡಿ ತೂತಾಗಿರಬಹುದು. ಆರೋಗ್ಯವಂತರ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅಂದರೆ ಮೈಯಲ್ಲಿರುವ ಸುಮಾರು 3 ಲೀಟರ್ ಪ್ಲಾಸ್ಮಾದ ಅಷ್ಟೂ ನೀರು ದಿನಕ್ಕೆ ಅರವತ್ತು ಸಲ ಆ ಜರಡಿ ದಾಟಿ ಬರುತ್ತದೆ. ಜರಡಿಯಲ್ಲಿ ಸಣ್ಣ ತೂತಾದರೂ ನಷ್ಟ ದೊಡ್ಡದು.

ಪ್ಲಾಸ್ಮಾ ಚೀಲದ ಲೆಕ್ಕ

ನೆಂಟರು ಹೇಳಿದ್ದು ಬಹುಶಃ ಎಫ್‌ಎಫ್‌ಪಿ, ಅಂದರೆ ತಾಜಾ ಇರುವಾಗಲೇ ಮಂಜುಗಟ್ಟಿಸಿದ ಪ್ಲಾಸ್ಮಾ. ರಕ್ತದಾನಿಯ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ಎಂಟು ಗಂಟೆಯೊಳಗೆ ಮೈನಸ್ 30 ಡಿಗ್ರಿಗೆ ಇಳಿಸುತ್ತಾರೆ. ಹಾಗೆ ಒಂದು ವರ್ಷ ಇಡಬಹುದು. ತಡಮಾಡಿದರೆ ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಫ್ಯಾಕ್ಟರ್‌ನಂಥ ನಾಜೂಕು ಪ್ರೋಟೀನುಗಳು ಕುಂದುತ್ತವೆ. ಬಳಸುವ ಮುನ್ನ 37 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಕರಗಿಸಬೇಕು. ಬಿಸಿ ಹೆಚ್ಚಾದರೆ ಪ್ರೋಟೀನ್ ಕೆಡುತ್ತದೆ.

ಒಂದು ಚೀಲದಲ್ಲಿ ಸುಮಾರು 200 ಮಿ.ಲೀ. ಹೆಪ್ಪುಗಟ್ಟದಂತೆ ಬೆರೆಸಿದ ದ್ರವದಿಂದ ತೆಳುವಾಗಿರುವ ಕಾರಣ ಅದರಲ್ಲಿರುವ ಆಲ್ಬುಮಿನ್ ಹೆಚ್ಚೆಂದರೆ 7 ಗ್ರಾಂ. ಈಗ ನಿಮ್ಮ ತಾಯಿಯ 2.4 ಲೀಟರಿಗೆ ಬನ್ನಿ. 2.1 ಅನ್ನು 3.5ಕ್ಕೆ ಏರಿಸಲು ಪ್ರತಿ 100 ಮಿ.ಲೀ.ಗೆ 1.4 ಗ್ರಾಂ ಬೇಕು, ಒಟ್ಟು 34 ಗ್ರಾಂ. ಅಲ್ಲಿಗೆ ಮುಗಿಯಲಿಲ್ಲ. ಮೈಯ ಆಲ್ಬುಮಿನ್‌ನಲ್ಲಿ ಸುಮಾರು ಶೇ. 60 ಇರುವುದು ರಕ್ತನಾಳದ ಹೊರಗೆ, ಕೊಟ್ಟದ್ದು ಅಲ್ಲಿಗೂ ಹಂಚಿಹೋಗುತ್ತದೆ. ಆಗ ಬೇಕಾಗುವುದು 80 ಗ್ರಾಂಗೂ ಮೇಲೆ, ಅಂದರೆ ಹನ್ನೆರಡು ಚೀಲ. ಎರಡು ಚೀಲದಿಂದ ಸಿಗುವುದು 14 ಗ್ರಾಂ. ಜರಡಿ ತೂತಾಗಿದ್ದರೆ ಆ 14 ಗ್ರಾಂ ಒಂದೆರಡು ದಿನದಲ್ಲೇ ಬಹುಪಾಲು ಮೂತ್ರದ ಪಾಲು. ಮೊದಲೇ ಮೈಯಲ್ಲಿ ನೀರು ತುಂಬಿರುವವರಿಗೆ 400 ಮಿ.ಲೀ. ದ್ರವ, ಅದರೊಂದಿಗೆ ಹೆಪ್ಪುಗಟ್ಟದಂತೆ ಬೆರೆಸಿದ ಸಿಟ್ರೇಟಿನ ಹೆಚ್ಚುವರಿ ಸೋಡಿಯಂ. ಉಸಿರು ಕಟ್ಟುವ ಸಂಭವ ಇದೆ. ಅಲರ್ಜಿ ಬರಬಹುದು. ಅಪರೂಪಕ್ಕೆ ಆರು ಗಂಟೆಯೊಳಗೆ ಶ್ವಾಸಕೋಶಕ್ಕೇ ಹಾನಿಯಾಗುವ ತೊಂದರೆಯೂ ಉಂಟು.

ಹಾಗಾದರೆ ಆ ಚೀಲ ಯಾರಿಗೆ? ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳು ಹಲವು ಒಟ್ಟಿಗೇ ಕಡಿಮೆಯಾಗಿ ರಕ್ತ ಸುರಿಯುತ್ತಿರುವವರಿಗೆ. ಹೆರಿಗೆ ನಂತರದ ಅಥವಾ ಅಪಘಾತದ ಭಾರಿ ರಕ್ತಸ್ರಾವ, ಲಿವರ್ ಕೆಟ್ಟು ರಕ್ತ ಹೋಗುತ್ತಿರುವುದು ಇಂಥವು. ಪ್ರಮಾಣ ಕೆ.ಜಿ.ಗೆ 10ರಿಂದ 15 ಮಿ.ಲೀ. 60 ಕೆ.ಜಿ.ಯವರಿಗೆ ಮೂರು ನಾಲ್ಕು ಚೀಲ ಬೇಕು. ಒಂದೋ ಎರಡೋ ಚೀಲ ಕೊಟ್ಟರೆ ಅಪಾಯವಷ್ಟೇ ಉಳಿದು ಪ್ರಯೋಜನ ಸಿಗುವುದಿಲ್ಲ. ಗುಂಪಿನ ನಿಯಮವೂ ತಲೆಕೆಳಗು: ಕೆಂಪು ಕಣಕ್ಕೆ ಓ ಗುಂಪಿನವರು ಎಲ್ಲರಿಗೂ ದಾನಿಗಳಾದರೆ ಪ್ಲಾಸ್ಮಾಕ್ಕೆ ಎಬಿ ಗುಂಪಿನವರು. ಪ್ರತಿಕಾಯ ಇರುವುದು ಪ್ಲಾಸ್ಮಾದಲ್ಲಿ, ಎಬಿಯವರಲ್ಲಿ ಆ ಪ್ರತಿಕಾಯಗಳಿಲ್ಲ.

ಪ್ಲಾಸ್ಮಾದ ಮೇಲಿನ ಈ ನಂಬಿಕೆ ಹೊಸದಲ್ಲ. 2020ರಲ್ಲಿ ಕೋವಿಡ್‌ನಿಂದ ಗುಣವಾದವರ ಪ್ಲಾಸ್ಮಾಕ್ಕಾಗಿ ಜನ ಊರೂರು ಅಲೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ, ಕಾಯಿಲೆ ಬಿಗಡಾಯಿಸುವುದೂ ತಪ್ಪಲಿಲ್ಲ. 2021ರ ಮೇನಲ್ಲಿ ಅದನ್ನು ಚಿಕಿತ್ಸಾ ಸೂಚಿಯಿಂದ ತೆಗೆದುಹಾಕಿದರು.

ಆಲ್ಬುಮಿನ್ ಒಂದನ್ನೇ ಬೇರ್ಪಡಿಸಿದ ಬಾಟಲಿಯೂ ಸಿಗುತ್ತದೆ. ತಣ್ಣನೆಯ ಆಲ್ಕೊಹಾಲ್ ಬಳಸಿ ಪ್ಲಾಸ್ಮಾದಿಂದ ಅದನ್ನು ಬಿಡಿಸುವ ವಿಧಾನವನ್ನು 1940ರ ದಶಕದಲ್ಲಿ ಅಮೆರಿಕದ ಎಡ್ವಿನ್ ಕೋನ್ ರೂಪಿಸಿದರು. ವೈರಸ್ ಉಳಿಯದಂತೆ 60 ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸುತ್ತಾರೆ. ಶೇ. 20ರ 100 ಮಿ.ಲೀ. ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ. ಲಿವರ್ ಸಿರೋಸಿಸ್‌ನಲ್ಲಿ ಹೊಟ್ಟೆಯಿಂದ 5 ಲೀಟರಿಗೂ ಹೆಚ್ಚು ನೀರು ತೆಗೆದಾಗ ಅದು ನಿಜಕ್ಕೂ ಬೇಕು. ಮೂತ್ರದಲ್ಲಿ ಸೋರುವವರಿಗೆ ಊತ ವಿಪರೀತವಾಗಿ ಬೇರೆ ಮದ್ದಿಗೆ ಬಗ್ಗದಿದ್ದಾಗ ಮಾತ್ರ ಮೂತ್ರಪಿಂಡ ತಜ್ಞರು ಯೋಚಿಸುತ್ತಾರೆ. ಅಂಕಿ ಸರಿಮಾಡಲೆಂದು ಕೊಡುವಂಥದ್ದಲ್ಲ.

ಈ ವಾರ ಮಾಡಬೇಕಾದದ್ದು

ಬೆಳಗಿನ ಮೊದಲ ಮೂತ್ರವನ್ನು ಕೊಟ್ಟು ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಿಸಿ. ಅದು 3.5 ದಾಟಿದ್ದರೆ ನೆಫ್ರೋಟಿಕ್ ಮಟ್ಟದ, ಅಂದರೆ ಭಾರಿ ಪ್ರಮಾಣದ ಸೋರಿಕೆ. ಮೂತ್ರದಲ್ಲಿ ನೊರೆ ನಿಲ್ಲುತ್ತದೆಯೇ ಎಂದು ತಾಯಿಯನ್ನೇ ಕೇಳಿ, ಎಷ್ಟೋ ಜನ ಇದನ್ನು ಗಮನಿಸಿದ್ದರೂ ಹೇಳಿರುವುದಿಲ್ಲ. ಕಣ್ಣಿನ ಹಿಂಪರದೆಯ ತಪಾಸಣೆಯೂ ಆಗಲಿ. ಸಕ್ಕರೆಯಿಂದಲೇ ಮೂತ್ರಪಿಂಡ ಕೆಟ್ಟಿದೆಯೇ, ಬೇರೆ ಕಾರಣವೇ ಎಂದು ತೀರ್ಮಾನಿಸಲು ಅದು ನೆರವಾಗುತ್ತದೆ. ಆಮೇಲೆ ಮೂತ್ರಪಿಂಡ ತಜ್ಞರನ್ನು ಕಾಣಿ.

ಆಲ್ಬುಮಿನ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುವುದಾದರೆ ಹದಿನೈದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ರಕ್ತ ಕೊಡಲಿ. ನಿಂತಾಗ ಪ್ಲಾಸ್ಮಾದ ನೀರು ಕಾಲಿಗಿಳಿದು ಪ್ರೋಟೀನಿನ ಅಂಕಿ ಏರುತ್ತದೆ. ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಗಿಯಾಗಿರಬಾರದು, ಮುಷ್ಟಿಯನ್ನು ಮತ್ತೆ ಮತ್ತೆ ಹಿಸುಕುವುದೂ ಬೇಡ, ಪೊಟ್ಯಾಸಿಯಂ ಸುಳ್ಳೇ ಹೆಚ್ಚು ಬರುತ್ತದೆ. ನೇರಳೆ ಮುಚ್ಚಳದ ನಳಿಕೆಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ, ಪೊಟ್ಯಾಸಿಯಂ ಸೇರಿದ ಇಡಿಟಿಎ ಇರುತ್ತದೆ. ಅದಕ್ಕೆ ತುಂಬಿದ ರಕ್ತವನ್ನು ಸೀರಂಗೆಂದು ಇರುವ ಹಳದಿ ಮುಚ್ಚಳದ ನಳಿಕೆಗೆ ಸುರಿದರೆ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದೆ. ಪಿಟಿ, ಎಪಿಟಿಟಿಗೆ ಬಳಸುವ ತಿಳಿನೀಲಿ ಮುಚ್ಚಳದ್ದನ್ನು ಗೆರೆಯವರೆಗೆ ತುಂಬಲೇಬೇಕು. ಅಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಲೆಕ್ಕ. ರಕ್ತ ಕಡಿಮೆಯಾದರೆ ಹೆಪ್ಪುಗಟ್ಟುವ ಸಮಯ ಇಲ್ಲದ್ದನ್ನು ತೋರಿಸುತ್ತದೆ.

ಊಟದಲ್ಲಿ ಉಪ್ಪು ದಿನಕ್ಕೆ ಒಂದು ಚಹಾ ಚಮಚಕ್ಕಿಂತ, ಅಂದರೆ 5 ಗ್ರಾಂಗಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸದ್ಯಕ್ಕೆ ನಿಲ್ಲಿಸಿ. ಸಾರಿನ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟರೆ ಏನೂ ಮಾಡಿದಂತಾಗುವುದಿಲ್ಲ. ಪ್ರೋಟೀನ್ ಕೆ.ಜಿ.ಗೆ 0.8 ಗ್ರಾಂ ಸಾಕು, ಅವರ ತೂಕಕ್ಕೆ ದಿನಕ್ಕೆ 48 ಗ್ರಾಂ. ಊತದ ನೀರೂ ತಕ್ಕಡಿಯಲ್ಲಿ ಬರುವುದರಿಂದ ಲೆಕ್ಕ ಇನ್ನೂ ಸ್ವಲ್ಪ ಕೆಳಗೇ ಇರಲಿ. ಬೇಳೆ, ಮೊಸರು, ಮೊಟ್ಟೆಯ ಬಿಳಿಯಲ್ಲೇ ಅದು ಸಿಗುತ್ತದೆ. ಡಬ್ಬಿಯ ಪ್ರೋಟೀನ್ ಪುಡಿಯನ್ನು ಹೆಚ್ಚು ಕೊಟ್ಟರೆ ಜರಡಿಯ ಮೇಲೆ ಹೊರೆ ಹೆಚ್ಚಿ ಸೋರಿಕೆ ಬೆಳೆಯಬಹುದು. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ದಿನವೂ ತೂಕ ನೋಡಿ ಬರೆದಿಡಿ. ಒಂದು ಕೆ.ಜಿ. ಏರಿದರೆ ಒಂದು ಲೀಟರ್ ನೀರು ಸೇರಿದ ಲೆಕ್ಕ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವೈದ್ಯರು ಕೊಟ್ಟರೆ ಪ್ರಮಾಣ ಏರಿಸಲು ಇಳಿಸಲು ಈ ಪಟ್ಟಿಯೇ ಆಧಾರ. ಕಾಲು ನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿಸಬೇಡಿ, ಮೂತ್ರಪಿಂಡಕ್ಕೆ ಅವು ವಿಷ.

ಇನ್ನೊಂದು ವಿಷಯಕ್ಕೆ ಮನೆಯವರೆಲ್ಲ ಎಚ್ಚರವಾಗಿರಬೇಕು. ಮೂತ್ರದಲ್ಲಿ ಆಲ್ಬುಮಿನ್ ಜೊತೆಗೆ, ರಕ್ತ ಅನವಶ್ಯಕವಾಗಿ ಹೆಪ್ಪುಗಟ್ಟದಂತೆ ತಡೆಯುವ ಆಂಟಿಥ್ರೋಂಬಿನ್ ಕೂಡ ಹೊರಗೆ ಹೋಗುತ್ತದೆ, ಪ್ರತಿಕಾಯಗಳೂ ಹೋಗುತ್ತವೆ. ಜ್ವರ ಬಂದರೆ ಎರಡು ದಿನ ಕಾಯಬೇಡಿ. ಒಂದು ಕಾಲು ಮತ್ತೊಂದಕ್ಕಿಂತ ಎದ್ದು ಕಾಣುವಷ್ಟು ಊದಿ ಮೀನಖಂಡ ನೋಯುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಅದು ನಾಳದೊಳಗಿನ ಗರಣೆ ಇರಬಹುದು. ರಾತ್ರಿಯಾದರೂ ಸರಿ, ಕಾಲನ್ನು ತಿಕ್ಕದೆ, ಎಣ್ಣೆ ಹಚ್ಚಿ ನೀವದೆ, ನೇರ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮತ್ತು ಆಲ್ಬುಮಿನ್ 2.1 ಇದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ.